ನಿನ್ನೆಯವರೆಗೂ ಚೆನ್ನಾಗಿದ್ದ ಹಕ್ಕಿ ಇದ್ದಕ್ಕಿದ್ದಂತೆ ಸಾಯುವುದೇಕೆ?

ಪ್ರಶ್ನೆ: ನಾವು ಸಾಕಿದ್ದ ಎರಡು ಬಡ್ಜಿಗಳಲ್ಲಿ (ಪಂಜರದಲ್ಲಿ ಸಾಕುವ ಪುಟ್ಟ ಗಿಳಿಗಳು) ಒಂದು ಹಿಂದಿನ ಸಂಜೆಯವರೆಗೂ ಕಾಳು ತಿನ್ನುತ್ತ, ಕೂಗುತ್ತ ಇತ್ತು. ಬೆಳಿಗ್ಗೆ ನೋಡಿದರೆ ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು. ಕಾಯಿಲೆಯ ಯಾವ ಲಕ್ಷಣವೂ ನಮಗೆ ಕಂಡಿರಲಿಲ್ಲ. ಹೀಗೇಕಾಗುತ್ತದೆ? ಉಳಿದಿರುವ ಹಕ್ಕಿಗೆ ಕಾಯಿಲೆ ಬಂದರೆ ಮೊದಲೇ ತಿಳಿಯುವುದು ಹೇಗೆ?

ಉತ್ತರ: ಇಂತಹ ಸಾವುಗಳಲ್ಲಿ ಬಹುಪಾಲು ನಿಜವಾಗಿ ಹಠಾತ್ತಾಗಿ ಬಂದವಲ್ಲ. ಕಾಯಿಲೆ ಹಲವು ದಿನಗಳಿಂದ, ಕೆಲವೊಮ್ಮೆ ಹಲವು ವಾರಗಳಿಂದ ಇದ್ದಿರುತ್ತದೆ. ಹಕ್ಕಿ ಅದನ್ನು ಮರೆಮಾಡಿರುತ್ತದೆ. ಗುಂಪಿನಲ್ಲಿ ಬಾಳುವ, ಬೇಟೆಗೆ ಗುರಿಯಾಗುವ ಜೀವಿಗಳಲ್ಲಿ ನಿಶ್ಶಕ್ತಿಯನ್ನು ತೋರಿಸಿಕೊಂಡದ್ದು ಮೊದಲು ಬಲಿಯಾಗುತ್ತದೆ. ಆದ್ದರಿಂದ ಬಡ್ಜಿ, ಕಾಕಟೀಲ್, ಗಿಳಿ, ಫಿಂಚ್‌ಗಳೆಲ್ಲವೂ ತಮ್ಮನ್ನು ಯಾರಾದರೂ ನೋಡುತ್ತಿರುವಾಗ ಇರುವ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ನೆಟ್ಟಗೆ ಕೂರುತ್ತವೆ, ಗರಿಗಳನ್ನು ಮೈಗೆ ಅಂಟಿಸಿಕೊಳ್ಳುತ್ತವೆ, ಬಟ್ಟಲಿನ ಬಳಿಗೆ ಹೋಗಿ ಕಾಳನ್ನು ಕೊಕ್ಕಿನಲ್ಲಿ ಆಡಿಸುತ್ತವೆ. ಹಿಂದಿನ ಸಂಜೆ ನಿಮ್ಮ ಹಕ್ಕಿ ತಿನ್ನುತ್ತಿದ್ದಂತೆ ಕಂಡದ್ದು ಹೀಗೆ ಬರಿದೇ ಕಾಳು ಸುಲಿಯುತ್ತಿದ್ದದ್ದೂ ಆಗಿರಬಹುದು. ಹಕ್ಕಿ ಗರಿಯುಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಹಗಲಿನಲ್ಲಿಯೂ ಎರಡು ಕಾಲುಗಳ ಮೇಲೆ ಕುಗ್ಗಿ ಕುಳಿತಿರುವುದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ನಟಿಸುವ ಶಕ್ತಿಯೂ ಅದರಲ್ಲಿ ಉಳಿದಿರುವುದಿಲ್ಲ. ಒಂಟಿಕಾಲಿನಲ್ಲಿ ನಿಂತು, ತಲೆಯನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿಕೊಂಡು ತೂಕಡಿಸುವುದು ಆರೋಗ್ಯವಂತ ಹಕ್ಕಿಯ ಸಹಜ ನಿದ್ದೆ, ಅದಕ್ಕೆ ಹೆದರಬೇಕಾಗಿಲ್ಲ.

ಆದ್ದರಿಂದ ನೋಟವನ್ನು ನಂಬಿ ಕೂರುವುದರ ಬದಲು ಹಕ್ಕಿ ಮರೆಮಾಡಲಾರದ ಸಂಗತಿಗಳನ್ನು ಗಮನಿಸಬೇಕು. ಅವುಗಳಲ್ಲಿ ಮೊದಲನೆಯದು ತೂಕ. ಗರಿಗಳ ಹೊದಿಕೆಯ ಕೆಳಗೆ ದೇಹ ಎಷ್ಟು ಬಡವಾದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಸಾಮಾನ್ಯ ಬಡ್ಜಿಯ ತೂಕ 30ರಿಂದ 40 ಗ್ರಾಂ, ಕಾಕಟೀಲ್‌ನದು 80ರಿಂದ 100 ಗ್ರಾಂ. 35 ಗ್ರಾಂ ತೂಗುವ ಹಕ್ಕಿ ಮೂರೂವರೆ ಗ್ರಾಂ ಕಳೆದುಕೊಂಡರೆ ಅದು ದೇಹದ ಹತ್ತನೆಯ ಒಂದು ಭಾಗ. ಅರವತ್ತು ಕಿಲೋ ತೂಗುವ ಮನುಷ್ಯ ಆರು ಕಿಲೋ ಇಳಿದುಹೋದಂತೆ. ಅಷ್ಟು ಇಳಿದ ಮೇಲೆ ವೈದ್ಯರನ್ನು ಕಾಣಲು ತಡಮಾಡಬಾರದು. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಅದರ ಮೇಲೊಂದು ಚಿಕ್ಕ ಕೂರುಗೋಲನ್ನೋ ಡಬ್ಬಿಯನ್ನೋ ಇಟ್ಟು, ಬೆಳಿಗ್ಗೆ ಹಕ್ಕಿ ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮುನ್ನ ತೂಗಿ ಬರೆದಿಡಬೇಕು. ವಾರಕ್ಕೆ ಎರಡು ಮೂರು ಬಾರಿ ಹೀಗೆ ಮಾಡಿದರೂ ನಿಮ್ಮ ಹಕ್ಕಿಯ ಸಹಜ ತೂಕ ಎಷ್ಟೆಂಬುದು ತಿಳಿಯುತ್ತದೆ. ಪಂಜರ, ಆಟಿಕೆ, ಕನ್ನಡಿಗಳಿಗೆ ಧಾರಾಳವಾಗಿ ಖರ್ಚುಮಾಡುವವರು ಈ ಒಂದು ಉಪಕರಣವನ್ನು ಏಕೆ ಮರೆಯುತ್ತಾರೋ ತಿಳಿಯದು. ತಕ್ಕಡಿ ಇಲ್ಲದಾಗ ಎದೆಯ ನಡುವಿನ ಏಣುಮೂಳೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಬಹುದು. ಎರಡೂ ಬದಿಯ ಮಾಂಸ ಇಳಿದು ಆ ಮೂಳೆ ಚೂಪಾಗಿ ತಗುಲಿದರೆ ಹಕ್ಕಿ ಸೊರಗಿದೆ ಎಂದರ್ಥ.

ಎರಡನೆಯದು ಹಿಕ್ಕೆ. ಪಂಜರದ ತಳಕ್ಕೆ ಮರಳು ಅಥವಾ ಮರದ ಹೊಟ್ಟು ಹಾಕದೆ ಬಿಳಿಯ ಕಾಗದವನ್ನು ಹಾಸಿ ದಿನವೂ ಬದಲಿಸಿದರೆ ಸ್ವಚ್ಛತೆಯೂ ಆಯಿತು, ಪರೀಕ್ಷೆಯೂ ಆಯಿತು. ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗಗಳಿರುತ್ತವೆ: ಕರುಳಿನಿಂದ ಬರುವ ಹಸಿರು ಅಥವಾ ಕಂದು ಬಣ್ಣದ ಮಲ, ಮೂತ್ರಪಿಂಡಗಳಿಂದ ಬರುವ ಸುಣ್ಣದಂತಹ ಬಿಳಿಯ ಯೂರೇಟ್, ಮತ್ತು ಸುತ್ತ ಹರಡುವ ತಿಳಿನೀರಿನಂತಹ ಮೂತ್ರ. ಹಣ್ಣು ಸೊಪ್ಪು ತಿಂದಾಗ ಅಥವಾ ಗಾಬರಿಯಾದಾಗ ನೀರಿನ ಭಾಗ ಹೆಚ್ಚುವುದು ಸಹಜ. ಅದನ್ನೇ ಭೇದಿಯೆಂದು ತಿಳಿಯಬಾರದು. ಮಲದ ಭಾಗವೇ ಆಕಾರ ಕಳೆದುಕೊಂಡು ನೀರಾದಾಗ ಮಾತ್ರ ಅದು ಭೇದಿ. ಬಿಳಿಯ ಭಾಗ ಹಳದಿಗೋ ಹಸಿರಿಗೋ ತಿರುಗಿದರೆ ಯಕೃತ್ತಿನ ತೊಂದರೆಯನ್ನು ಶಂಕಿಸಬೇಕು. ಅರಗದ ಇಡೀ ಕಾಳುಗಳು ಕಂಡರೆ ಜಠರದ ಕಾಯಿಲೆಯಿರಬಹುದು. ಡಾಂಬರಿನಂತೆ ಕಪ್ಪಾಗಿದ್ದರೆ ಅನ್ನಮಾರ್ಗದ ಮೇಲ್ಭಾಗದಲ್ಲಿ ರಕ್ತ ಸೋರುತ್ತಿರಬಹುದು. ಹಿಕ್ಕೆಗಳ ಸಂಖ್ಯೆ ಇಳಿದು, ಗಾತ್ರ ಚಿಕ್ಕದಾಗಿ, ಬಣ್ಣ ಕಡುಹಸಿರಾದರೆ ಬಟ್ಟಲಿನ ತುಂಬ ಸಿಪ್ಪೆ ಬಿದ್ದಿದ್ದರೂ ಹಕ್ಕಿಯ ಹೊಟ್ಟೆಗೆ ಏನೂ ಹೋಗಿಲ್ಲವೆಂದೇ ತಿಳಿಯಬೇಕು.

ಮೂರನೆಯದಾದ ಉಸಿರಾಟವನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನಿಜವಾಗಿಯೂ ಹಠಾತ್ತಾಗಿ ಬರುವ ಸಾವುಗಳಲ್ಲಿ ಹಲವಕ್ಕೆ ಇದೇ ದಾರಿ. ಹಕ್ಕಿಗಳಿಗೆ ನಮ್ಮಂತೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವೆ ಇದ್ದು ಉಸಿರಾಟಕ್ಕೆ ನೆರವಾಗುವ ಸ್ನಾಯುಪದರ, ಇಲ್ಲ; ಅವುಗಳ ಶ್ವಾಸಕೋಶ ಹಿಗ್ಗುವುದೂ ಇಲ್ಲ. ಹೆಚ್ಚಿನ ಹಕ್ಕಿಗಳಲ್ಲಿ ಒಂಬತ್ತು ವಾಯುಚೀಲಗಳಿದ್ದು, ಎದೆಗೂಡು ಹಿಗ್ಗಿ ಕುಗ್ಗಿದಂತೆ ಅವು ತಿದಿಯಂತೆ ಕೆಲಸಮಾಡಿ ಶ್ವಾಸಕೋಶದ ಮೂಲಕ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಸುತ್ತವೆ. ಹಕ್ಕಿಯನ್ನು ಹಿಡಿಯುವಾಗ ಎದೆಯನ್ನು ಒತ್ತಿದರೆ ಅದು ಉಸಿರುಕಟ್ಟಿ ಸಾಯುವುದು ಈ ಕಾರಣಕ್ಕೇ. ಹಾರಾಟಕ್ಕೆ ಬೇಕಾದಷ್ಟು ಆಮ್ಲಜನಕವನ್ನು ಒದಗಿಸುವ ಈ ವ್ಯವಸ್ಥೆ ಗಾಳಿಯಲ್ಲಿರುವ ವಿಷವನ್ನೂ ಅಷ್ಟೇ ಚುರುಕಾಗಿ ಹೀರಿಕೊಳ್ಳುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಕಾರ್ಬನ್ ಮಾನಾಕ್ಸೈಡನ್ನು ಗುರುತಿಸಲು 1986ರವರೆಗೂ ಕೆನರಿ ಎಂಬ ಪುಟ್ಟ ಹಾಡುಹಕ್ಕಿಗಳನ್ನು ಇಟ್ಟುಕೊಂಡಿದ್ದುದು ಇದರಿಂದಲೇ. ಮನೆಯಲ್ಲಿ ಅತ್ಯಂತ ಅಪಾಯಕಾರಿಯಾದದ್ದು ನಾನ್‌ಸ್ಟಿಕ್ ಪಾತ್ರೆ. ಒಲೆಯ ಮೇಲೆ ಬರಿದಾಗಿ ಉಳಿದು ಅತಿಯಾಗಿ ಕಾದಾಗ ಅದರ ಲೇಪನ ಹೊರಸೂಸುವ ಅನಿಲಕ್ಕೆ ನಮ್ಮ ಮೂಗಿಗೆ ತಿಳಿಯುವಂತಹ ವಾಸನೆ ಇಲ್ಲದಿದ್ದರೂ ಪಕ್ಕದ ಕೋಣೆಯಲ್ಲಿರುವ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ಸಿಗರೇಟಿನ ಹೊಗೆ, ಸುಗಂಧದ ಸ್ಪ್ರೇ, ಹಸಿ ಬಣ್ಣದ ಆವಿ, ಕೀಟನಾಶಕಗಳೂ ಹಾನಿಕರವೇ. ಅಡುಗೆಮನೆಯಲ್ಲಿ ಪಂಜರವನ್ನು ಇಡಲೇಬಾರದು. ಇನ್ನು, ವಿಶ್ರಾಂತಿಯಲ್ಲಿರುವ ಹಕ್ಕಿಯ ಬಾಲ ಪ್ರತಿ ಉಸಿರಿಗೂ ಮೇಲೆ ಕೆಳಗೆ ಆಡುತ್ತಿದ್ದರೆ ಅಥವಾ ಅದು ಕೊಕ್ಕು ತೆರೆದು ಉಸಿರಾಡುತ್ತಿದ್ದರೆ ಅದನ್ನು ತುರ್ತುಸ್ಥಿತಿಯೆಂದೇ ಪರಿಗಣಿಸಬೇಕು.

ಸತ್ತದ್ದು ಹೆಣ್ಣಾಗಿದ್ದರೆ ಇನ್ನೊಂದು ಕಾರಣವೂ ಇರಬಹುದು. ಗಂಡಿನ ಜೊತೆಯಿಲ್ಲದೆಯೂ ಹೆಣ್ಣು ಬಡ್ಜಿ ಮೊಟ್ಟೆಯಿಡಬಲ್ಲದು. ಸುಣ್ಣದ ಅಂಶ ಸಾಲದಿದ್ದಾಗ ಮೊಟ್ಟೆ ಹೊರಬರದೆ ಸಿಕ್ಕಿಕೊಂಡು ಒಂದೆರಡು ದಿನಗಳಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ತಳದಲ್ಲಿ ಕಾಲಗಲಿಸಿ ಕುಳಿತು ತಿಣುಕುತ್ತಿರುವ ಹೆಣ್ಣನ್ನು ಕಂಡರೆ ಮರುದಿನದವರೆಗೆ ಕಾಯಬಾರದು.

ಆಹಾರದ ಮಾತು ಇಲ್ಲಿ ಬರಲೇಬೇಕು. ಕಾಳುಗಳನ್ನಷ್ಟೇ ತಿಂದು ಬೆಳೆದ ಹಕ್ಕಿ ಹೊರನೋಟಕ್ಕೆ ದುಂಡಗೆ ಚೆನ್ನಾಗಿಯೇ ಇರುತ್ತದೆ. ಆದರೆ ಒಣಕಾಳಿನಲ್ಲಿ ವಿಟಮಿನ್ ಎ ಮತ್ತು ಕ್ಯಾಲ್ಸಿಯಂ ತೀರ ಕಡಿಮೆ. ಸೂರ್ಯಕಾಂತಿಯಂತಹ ಬೀಜಗಳಲ್ಲಿ ಕೊಬ್ಬು ಬಹಳ. ವಿಟಮಿನ್ ಎ ಕೊರತೆಯಿಂದ ಮೂಗು ಗಂಟಲುಗಳ ಒಳಪದರ ದಪ್ಪಗಾಗಿ ಸೋಂಕಿಗೆ ದಾರಿಯಾಗುತ್ತದೆ, ಕೊಬ್ಬು ಯಕೃತ್ತಿನಲ್ಲಿ ಸೇರಿಕೊಳ್ಳುತ್ತದೆ. ಪೆಲೆಟ್ (ಹಕ್ಕಿಗಳಿಗೆಂದೇ ತಯಾರಿಸಿದ ಗುಳಿಗೆಯಂತಹ ಆಹಾರ), ಕಡುಹಸಿರು ಸೊಪ್ಪು, ಕ್ಯಾರೆಟ್‌ನಂತಹ ತರಕಾರಿಗಳನ್ನು ಸೇರಿಸಿ ಕಾಳನ್ನು ಕಡಿಮೆ ಮಾಡುವುದು ಸರಿಯಾದ ಕ್ರಮ. ಇದನ್ನು ಹಲವು ವಾರಗಳಲ್ಲಿ ನಿಧಾನವಾಗಿ ಮಾಡಬೇಕು, ಹಾಗೆ ಮಾಡುವಾಗ ದಿನವೂ ತೂಗಬೇಕು. ಪರಿಚಯವಿಲ್ಲದ ವಸ್ತುವನ್ನು ಆಹಾರವೆಂದೇ ಗುರುತಿಸದ ಹಕ್ಕಿ ತುಂಬಿದ ಬಟ್ಟಲಿನ ಮುಂದೆಯೇ ಹಸಿದು ಸಾಯಬಲ್ಲದು. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಮದ್ಯ ಇವು ಹಕ್ಕಿಗಳಿಗೆ ವಿಷ. ಮುಚ್ಚಿದ ಗಾಜಿನ ಕಿಟಕಿಯ ಬಿಸಿಲಿನಿಂದ ವಿಟಮಿನ್ ಡಿ ದೊರೆಯುವುದಿಲ್ಲ, ಅದಕ್ಕೆ ಬೇಕಾದ ನೇರಳಾತೀತ ಕಿರಣಗಳನ್ನು ಗಾಜು ತಡೆಯುತ್ತದೆ.

ಹಕ್ಕಿ ಕಾಯಿಲೆ ಬಿದ್ದಿದೆ ಎನ್ನಿಸಿದಾಗ ವೈದ್ಯರ ಬಳಿಗೆ ಒಯ್ಯುವವರೆಗೆ ಮಾಡಬೇಕಾದ ಮೊದಲ ಕೆಲಸ ಬೆಚ್ಚಗಿಡುವುದು. ಅದರ ದೇಹದ ಉಷ್ಣತೆ 40ರಿಂದ 42 ಡಿಗ್ರಿ ಸೆಲ್ಸಿಯಸ್; ಅದನ್ನು ಕಾಪಾಡಿಕೊಳ್ಳುವುದರಲ್ಲಿಯೇ ನಿತ್ರಾಣಗೊಂಡ ಹಕ್ಕಿಯ ಶಕ್ತಿ ತೀರಿಹೋಗುತ್ತದೆ. ಸುತ್ತಲಿನ ಗಾಳಿ 29–30 ಡಿಗ್ರಿಯಷ್ಟಿರುವಂತೆ ನೋಡಿಕೊಂಡು, ಆಹಾರ ನೀರುಗಳನ್ನು ಕೊಕ್ಕಿನ ಹತ್ತಿರವೇ ಇಟ್ಟು, ಮಬ್ಬು ಬೆಳಕಿನಲ್ಲಿ ಗದ್ದಲವಿಲ್ಲದೆ ಬಿಡಬೇಕು. ಹಕ್ಕಿ ಬಾಯಿ ತೆರೆದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದರೆ ಶಾಖ ಹೆಚ್ಚಾಗಿದೆ ಎಂದು ತಿಳಿಯಬೇಕು. ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್ ಪುಡಿಯನ್ನು ಕುಡಿಯುವ ನೀರಿಗೆ ಬೆರೆಸುವ ರೂಢಿಯನ್ನು ಮಾತ್ರ ನಾನು ಒಪ್ಪಲಾರೆ. ಆಸ್ಟ್ರೇಲಿಯದ ಒಣನಾಡಿನಿಂದ ಬಂದ ಬಡ್ಜಿ ಆರೋಗ್ಯವಾಗಿದ್ದಾಗಲೇ ನೀರು ಕುಡಿಯುವುದು ಕಡಿಮೆ. ಕಾಯಿಲೆಯಲ್ಲಿ, ಅದೂ ಕಹಿಯಾದ ನೀರನ್ನು, ಇನ್ನೂ ಕಡಿಮೆ ಕುಡಿಯುತ್ತದೆ. ಔಷಧ ಎಷ್ಟು ಒಳಗೆ ಹೋಯಿತೆಂಬ ಲೆಕ್ಕವೇ ಸಿಗುವುದಿಲ್ಲ. ಕಾಯಿಲೆ ಶಿಲೀಂಧ್ರದಿಂದ ಬಂದದ್ದಾಗಿದ್ದರೆ ಆ ಔಷಧದಿಂದ ಯಾವ ಗುಣವೂ ಇಲ್ಲ, ಕೇಡಾಗುವ ಸಾಧ್ಯತೆಯೇ ಹೆಚ್ಚು.

ಈಗ ನಿಮ್ಮಲ್ಲಿ ಉಳಿದಿರುವ ಹಕ್ಕಿಯ ವಿಷಯ. ಸತ್ತ ಹಕ್ಕಿಯನ್ನು ಹೂಳುವ ಬದಲು ಚೀಲದಲ್ಲಿ ಕಟ್ಟಿ, ಹೆಪ್ಪುಗಟ್ಟಿಸದೆ ಫ್ರಿಜ್ಜಿನ ತಂಪಿನಲ್ಲಿಟ್ಟು, ಆದಷ್ಟು ಬೇಗ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸುವುದು ಇಂತಹ ಸಂದರ್ಭದಲ್ಲಿ ಅತ್ಯಂತ ಪ್ರಯೋಜನಕಾರಿ. ನಿಮ್ಮಲ್ಲಿ ಆ ಅವಕಾಶ ಮೀರಿದ್ದರೆ ಉಳಿದ ಹಕ್ಕಿಯನ್ನೂ ಅದರ ತಾಜಾ ಹಿಕ್ಕೆಯನ್ನೂ ಪರೀಕ್ಷೆ ಮಾಡಿಸಬಹುದು. ಗಿಳಿ ಜಾತಿಯ ಹಕ್ಕಿಗಳಲ್ಲಿ ಕಾಣುವ ಸಿಟಕೋಸಿಸ್ ಎಂಬ ಸೋಂಕು ಒಣಗಿದ ಹಿಕ್ಕೆಯ ಧೂಳಿನ ಮೂಲಕ ಮನುಷ್ಯರಿಗೂ ಹರಡುತ್ತದೆ. ಆದ್ದರಿಂದ ಪಂಜರವನ್ನು ಒಣಗಿದಂತೆಯೇ ಗುಡಿಸದೆ, ನೀರು ಚಿಮುಕಿಸಿ, ಮಾಸ್ಕ್ ಧರಿಸಿ ತೊಳೆಯಿರಿ. ಮನೆಯಲ್ಲಿ ಯಾರಿಗಾದರೂ ಜ್ವರ, ತಲೆನೋವು, ಒಣಕೆಮ್ಮು ಕಾಣಿಸಿಕೊಂಡರೆ ಹಕ್ಕಿ ಸಾಕಿರುವ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ಒಂಟಿಯಾದ ಹಕ್ಕಿಗೆ ಜೊತೆ ಬೇಕೆಂಬುದು ನಿಜವಾದರೂ, ಮೊದಲನೆಯದರ ಸಾವಿನ ಕಾರಣ ತಿಳಿಯುವವರೆಗೆ ಅಥವಾ ಉಳಿದದ್ದರ ತೂಕ ಮತ್ತು ಹಿಕ್ಕೆ ಕೆಲವು ವಾರಗಳ ಕಾಲ ಸರಿಯಾಗಿರುವವರೆಗೆ ಹೊಸದನ್ನು ತರಬೇಡಿ. ತಂದ ಮೇಲೂ ಕನಿಷ್ಠ 30ರಿಂದ 45 ದಿನ ಅದನ್ನು ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲುಗಳೊಡನೆ ಇರಿಸಿ, ಪ್ರತಿದಿನ ಮೊದಲು ಹಳೆಯ ಹಕ್ಕಿಯ ಕೆಲಸ ಮುಗಿಸಿಕೊಂಡು ಆಮೇಲೆ ಹೊಸದರ ಬಳಿಗೆ ಹೋಗಿರಿ.