ರೈಲು ಬಿಟ್ಟವರಿಗೆ ದಂಡ ಹಾಕೋರು ಯಾರು?

ಬೆಳಿಗ್ಗೆ ಮುಂಬೈ ಪಕ್ಕದ ಡೊಂಬಿವಲಿಯಿಂದ ಹೊರಡುವ ಲೋಕಲ್ ರೈಲಿನಲ್ಲಿ ನಮ್ಮದೊಂದು ಕನ್ನಡದ ಗುಂಪಿದೆ. ಉಡುಪಿ ಕಡೆಯವರಿದ್ದಾರೆ, ವಿಜಯಪುರದವರಿದ್ದಾರೆ, ಇಲ್ಲೇ ಹುಟ್ಟಿ ಬೆಳೆದವರೂ ಇದ್ದಾರೆ. ಮೊನ್ನೆ ಶೆಟ್ರು, "ಚಂದ್ರನ ಮೇಲೆ ನಿಂತ್ರೆ ಚೀನಾದ ಗೋಡೆ ಬರಿಗಣ್ಣಿಗೆ ಕಾಣ್ತದೆ, ಗೊತ್ತುಂಟಾ?" ಎಂದರು. ಕಿಟಕಿ ಪಕ್ಕದ ಹುಡುಗ ತಕ್ಷಣ, "ಫೇಕಬೇಡಿ ಶೆಟ್ರೇ!" ಎಂದ. ವಿಜಯಪುರದವರು, "ಭಾಳ ಶಾಣ್ಯಾ ಆಗಬ್ಯಾಡ್ರಿ" ಎಂದು ಸೇರಿಸಿದರು. ಡಬ್ಬಿಯೆಲ್ಲ ನಕ್ಕಿತು.

ಈ 'ಫೇಕು' ಇಂಗ್ಲಿಷಿನ ಫೇಕ್ ಅಲ್ಲ. ಹಿಂದಿ, ಮರಾಠಿಯಲ್ಲಿ ಎಸೆಯೋದಕ್ಕೆ ಇರುವ ಮಾತು. ನಮ್ಮಲ್ಲೂ ನೋಡಿ: ಬುರುಡೆ ಬಿಡ್ತೀವಿ, ರೈಲು ಬಿಡ್ತೀವಿ, ಕಾಗೆ ಹಾರಿಸ್ತೀವಿ. ಎಲ್ಲವೂ ಕೈ ಬಿಟ್ಟು ಹೋಗುವಂಥವೇ. ಗೊತ್ತಿರೋದನ್ನು ಹೇಳೋದಕ್ಕೆ ಇಷ್ಟು ಬಣ್ಣದ ಮಾತುಗಳಿಲ್ಲ, ಗೊತ್ತಿಲ್ಲದೆ ಮೆರೆಯೋದಕ್ಕೆ ಮಾತ್ರ ರಾಶಿ ರಾಶಿ ಇವೆ. ಯಾಕೆ?

ಮಾತು ಪುಕ್ಕಟೆ, ಅದಕ್ಕೇ ಅಂತ ನನ್ನ ಲೆಕ್ಕ. 1975ರಲ್ಲಿ ಇಸ್ರೇಲಿನ ಜೀವವಿಜ್ಞಾನಿ ಅಮೋಟ್ಜ್ ಝಹಾವಿ ಒಂದು ವಿಚಾರ ಮುಂದಿಟ್ಟರು. ನವಿಲಿನ ಗರಿ 'ನಾನು ಗಟ್ಟಿ' ಅಂದರೆ ನಂಬಬಹುದು, ಏಕೆಂದರೆ ಅದು ದುಬಾರಿ. ಬಡಕಲು ನವಿಲಿಗೆ ಅಷ್ಟು ಭಾರ ಹೊತ್ತು ಬದುಕೋಕೆ ಆಗಲ್ಲ. ಮದುವೆಗೆ ಬಾಡಿಗೆ ಒಡವೆ ತರಬಹುದು, ಮೈಕಟ್ಟು ಬಾಡಿಗೆಗೆ ಸಿಗಲ್ಲ ಅಲ್ವಾ, ಹಾಗೆ. ಆದರೆ "ಚಂದ್ರನಿಂದ ಗೋಡೆ ಕಾಣುತ್ತೆ" ಅನ್ನೋಕೆ ಏನು ಖರ್ಚು? ಉಸಿರು, ಅಷ್ಟೇ.

ಹಾಗಾದರೆ ಪುಕ್ಕಟೆ ಗುರುತನ್ನು ನಂಬೋದು ಹೇಗೆ? ಇದಕ್ಕೆ ನನಗೆ ತುಂಬಾ ಇಷ್ಟವಾದ ಉತ್ತರ ಕಣಜದ ಹುಳುವಿನದು. ಪೇಪರ್ ಕಣಜ ಅಂತ ಒಂದು ಜಾತಿ, ಕಾಗದದಂಥ ಗೂಡು ಕಟ್ಟುತ್ತೆ. ಅದರ ಹಳದಿ ಮುಖದ ಮೇಲೆ ಕಪ್ಪು ಮಚ್ಚೆಗಳಿರುತ್ತವೆ. ಮಚ್ಚೆ ಒಡೆದು ಚೂರು ಚೂರಾಗಿದ್ದಷ್ಟೂ ಹುಳು ಗಟ್ಟಿ. ಪೊಲೀಸರ ಭುಜದ ಪಟ್ಟಿ ಇದ್ದ ಹಾಗೆ, ಪೈಲ್ವಾನನ ಬೆಲ್ಟ್ ಇದ್ದ ಹಾಗೆ. ಆದರೆ ಎರಡು ಚುಕ್ಕೆ ಕಪ್ಪು ಬಣ್ಣಕ್ಕೆ ಏನು ಮಹಾ ಖರ್ಚು, ಎಲ್ಲ ಹುಳುಗಳೂ ಬಳಿದುಕೊಂಡೇ ಹುಟ್ಟಬಹುದಿತ್ತಲ್ಲ? ಎಲಿಜಬೆತ್ ಟಿಬೆಟ್ಸ್ ಮತ್ತು ಜೇಮ್ಸ್ ಡೇಲ್ ಕೆಲವು ಹುಳುಗಳ ಮುಖಕ್ಕೆ ಬಣ್ಣ ಹಚ್ಚಿ ನೋಡಿ 2004ರಲ್ಲಿ ಪ್ರಕಟಿಸಿದರು. ಮುಖಕ್ಕೂ ತಾಕತ್ತಿಗೂ ಹೊಂದದ ಹುಳುಗಳಿಗೆ ಉಳಿದವು ಜಾಸ್ತಿ ಏಟು ಕೊಟ್ಟವು. ಅಂದರೆ ದುಬಾರಿಯಾಗಿದ್ದು ಬಣ್ಣವಲ್ಲ, ಸಿಕ್ಕಿಬೀಳೋದು. ಟಿಕೆಟ್ಟಿಲ್ಲದೆ ಲೋಕಲ್ ಹತ್ತೋದು ಸುಲಭ, ಟಿಸಿ ಎದುರಾದಾಗ ಕಷ್ಟ.

'ಫೇಕಬೇಡಿ' ಅನ್ನೋದು ಆ ಏಟು. ಇಡೀ ಡಬ್ಬಿ ಸೇರಿ ಹಾಕುವ ಸಣ್ಣ ದಂಡ. ಆಮೇಲೆ ಬಾಯಿ ತೆಗೆಯುವ ಮೊದಲು ಯಾರೇ ಆದರೂ ಒಂದು ಸಲ ಯೋಚಿಸ್ತಾರೆ.

ಇನ್ನು ಆ ಗೋಡೆಯ ಕತೆ. 1754ರಲ್ಲೇ ಇಂಗ್ಲೆಂಡಿನ ವಿಲಿಯಂ ಸ್ಟುಕ್ಲಿ ಒಂದು ಪತ್ರದಲ್ಲಿ ಅದು ಚಂದ್ರನಿಂದ ಕಾಣಬಹುದು ಎಂದು ಬರೆದಿದ್ದ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದು 1969ರಲ್ಲಿ. 215 ವರ್ಷ ಮೊದಲೇ ಸುದ್ದಿ ಹೊರಟಿತ್ತು! ಗೋಡೆಯ ಅಗಲ ಐದಾರು ಮೀಟರ್, ಚಂದ್ರ ಇರೋದು ಸುಮಾರು 3,84,000 ಕಿಲೋಮೀಟರ್ ದೂರ. ಒಂದು ತಲೆಗೂದಲನ್ನು 4 ಕಿಲೋಮೀಟರ್ ಆಚೆ ಹಿಡಿದು 'ಕಾಣ್ತಾ?' ಅಂತ ಕೇಳಿದ ಹಾಗಾಯ್ತು. 2003ರಲ್ಲಿ ಭೂಮಿಗೆ ತೀರಾ ಹತ್ತಿರದಲ್ಲೇ ಸುತ್ತಿ ಬಂದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ಕೂಡ ತನಗೆ ಗೋಡೆ ಕಾಣಲಿಲ್ಲ ಎಂದರು.

ನನಗೆ ಚಿಂತೆ ಇರೋದು ಲೋಕಲ್ ಡಬ್ಬಿಯದ್ದಲ್ಲ, ಫೋನಿನದ್ದು. ಗ್ರಹಣದ ದಿನ ಮಾಡಿಟ್ಟ ಅಡುಗೆ ವಿಷವಾಗುತ್ತೆ ಅಂತ ನಮ್ಮ ವಾಟ್ಸಾಪ್ ಗುಂಪಿಗೆ ಪ್ರತಿ ಗ್ರಹಣಕ್ಕೂ ಬರುತ್ತೆ. ಕಳಿಸಿದವರು 'ಬಂದಿದ್ದನ್ನ ಕಳಿಸಿದೆ' ಅಂತಾರೆ. ಬರೆದವರು ಯಾರೋ, ಎಲ್ಲಿಯವರೋ. ಏಟು ಯಾರಿಗೆ ಕೊಡೋದು? ರೈಲಿನಲ್ಲಿ ಮುಖ ನೋಡಿ 'ಫೇಕಬೇಡಿ' ಅನ್ನುವ ಅದೇ ಜನ ಅಲ್ಲಿ ಸುಮ್ನೆ ಕೈ ಮುಗಿಯುವ ಚಿತ್ರ ಹಾಕ್ತಾರೆ.

ಶೆಟ್ರು ಮಾರನೇ ದಿನ ಅದೇ ಸೀಟಿನಲ್ಲಿ ಕೂತು ಹುಡುಗನಿಗೆ, "ನೋಡಿದೆ ಮಾರಾಯ, ಗೋಡೆ ಕಾಣೂದಿಲ್ಲ" ಎಂದರು.