ಸಾಲದ ಮೇಜಿನಿಂದ ಕಂಡ ಸರ್ವಾಧಿಕಾರಿ

ಕೃಷಿ ಸಾಲದ ಮೇಜಿನ ಹಿಂದೆ ಮೂವತ್ತು ವರ್ಷ ಕೂತವನು ನಾನು. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು, ಕಡೆಗೆ ಚಿಕ್ಕಮಗಳೂರು ಪೇಟೆ. ಆ ಮೇಜಿನ ಮುಂದೆ ನಿಂತು ಕೂಗಾಡಿದವರ ಮುಖಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡರೆ, ಅವುಗಳಲ್ಲಿ ಕಾಫಿ ತೋಟದ ಲೈನ್ ಮನೆಯ, ಅಂದರೆ ಆಳುಗಳಿಗೆಂದು ಸಾಲಾಗಿ ಕಟ್ಟಿದ ಮನೆಗಳ, ಕೂಲಿಯವರದು ಒಂದೂ ಇಲ್ಲ. ಅವರಿಗೆ ಸಾಲವೇ ಇರಲಿಲ್ಲ, ಕೊಡುವವರೂ ಇರಲಿಲ್ಲ. ನೂರಿನ್ನೂರು ಎಕರೆಯ ಸಾಹುಕಾರರೂ ಇಲ್ಲ. ಅವರು ನೇರ ಮ್ಯಾನೇಜರ್ ಕೊಠಡಿಗೆ ಹೋಗಿ, ಕಾಫಿ ಕುಡಿದು, ಮೆಲುದನಿಯಲ್ಲಿ ಮಾತು ಮುಗಿಸಿ ಬರುತ್ತಿದ್ದರು. ಕೂಗಾಡಿದವರು ನಾಲ್ಕೆಕರೆ, ಆರೆಕರೆಯವರು. ಹೆಂಚಿನ ಮನೆ, ಮನೆ ಮುಂದೆ ಕಣ, ಒಂದು ಹಳೆ ಜೀಪು, ಹಾಸನದಲ್ಲಿ ಡಿಪ್ಲೊಮಾ ಓದುವ ಮಗ. ಕಳೆದುಕೊಳ್ಳಲು ಏನೋ ಒಂದಿಷ್ಟು ಇದ್ದವರು.

ಕಾಲೇಜೊಂದರ ಉಪನ್ಯಾಸಕ ಗೆಳೆಯರು ಮೊನ್ನೆ ಫೋನ್ ಮಾಡಿ, ‘ಬಡತನ ಬಂದಾಗಲೆಲ್ಲ ಹಿಟ್ಲರ್, ಮುಸೊಲಿನಿಯಂಥವರು ಯಾಕೆ ಬರ್ತಾರೆ, ಹುಡುಗರಿಗೆ ಬ್ಯಾಂಕಿನವರ ದೃಷ್ಟಿಯಿಂದ ಹೇಳಿ’ ಎಂದರು. ಆ ಪ್ರಶ್ನೆಯಲ್ಲೇ ಒಂದು ತಪ್ಪಿದೆ. ಬಡತನಕ್ಕಿಂತ, ಬಡತನಕ್ಕೆ ಜಾರುತ್ತಿದ್ದೇನೆ ಎಂಬ ದಿಗಿಲೇ ಅಂಥವರಿಗೆ ಹೆಚ್ಚು ದಾರಿ ಮಾಡಿದೆ. ಎರಡೂ ಒಂದೇ ಅಲ್ಲ.

ಮೊದಲು ಒಂದು ಜನಪ್ರಿಯ ಕಥೆಯನ್ನು ಪಕ್ಕಕ್ಕಿಡೋಣ. ಜರ್ಮನಿಯಲ್ಲಿ ಬ್ರೆಡ್ಡಿಗೆ ಗಾಡಿ ತುಂಬ ನೋಟು ಒಯ್ಯಬೇಕಾಯಿತು, ಅದಕ್ಕೇ ಹಿಟ್ಲರ್ ಬಂದ ಎಂದು ಶಾಲೆಯಲ್ಲಿ ಓದಿದ್ದೇವೆ. ಹಣದುಬ್ಬರ ನಿಜ, 1923ರ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಅದೇ ತಿಂಗಳು ಹಿಟ್ಲರ್ ಮ್ಯೂನಿಕ್‌ನಲ್ಲಿ ದಂಗೆಗೆ ಕೈ ಹಾಕಿ, ಮಣ್ಣು ಮುಕ್ಕಿ, ಜೈಲಿಗೆ ಹೋದ. 1928ರ ಮೇ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ಶೇ. 2.6 ಮತ, 12 ಸ್ಥಾನ. ಅವನನ್ನು ಮೇಲೆತ್ತಿದ್ದು ಬೆಲೆ ಏರಿದ ಕಾಲವಲ್ಲ, ಬೆಲೆ ಬಿದ್ದ ಕಾಲ.

ಇದು ಇತಿಹಾಸದ ಮೇಷ್ಟ್ರಿಗಿಂತ ಸಾಲ ಕೊಟ್ಟವನಿಗೆ ಬೇಗ ಅರ್ಥವಾಗುತ್ತದೆ. ಬೆಲೆ ಏರಿದರೆ ಸಾಲಗಾರನ ಸಾಲ ಕರಗುತ್ತದೆ, ಬೆಲೆ ಬಿದ್ದರೆ ಅದೇ ಸಾಲ ಕೊಬ್ಬುತ್ತದೆ. ಲೆಕ್ಕಕ್ಕೆ ಒಂದು ಲಕ್ಷದ ಸಾಲ ಎಂದಿಟ್ಟುಕೊಳ್ಳಿ. ಮೂಟೆಗೆ ನಾಲ್ಕು ಸಾವಿರವಿದ್ದಾಗ ಅದು ಇಪ್ಪತ್ತೈದು ಮೂಟೆ ಕಾಫಿ. ಮೂಟೆ ಸಾವಿರಕ್ಕೆ ಬಂದರೆ ನೂರು ಮೂಟೆ. ನಮ್ಮ ಲೆಡ್ಜರ್‌ನಲ್ಲಿ ಅಂಕಿ ಒಂದಿಷ್ಟೂ ಕದಲಿರುವುದಿಲ್ಲ. ತೋಟದವನ ಮಟ್ಟಿಗೆ ಸಾಲ ನಾಲ್ಕು ಪಟ್ಟಾಗಿದೆ. ‘ನಾನೇನು ತಪ್ಪು ಮಾಡಿದೆ ಸಾರ್? ಗೊಬ್ಬರ ಹಾಕಿದೆ, ಕಸಿ ಮಾಡಿದೆ, ಬೆಳೆಯೂ ಬಂತು’ ಎಂದು ಅವನು ಕೇಳುತ್ತಾನೆ. ಅವನ ತಪ್ಪೇನೂ ಇಲ್ಲ. ಅದೇ ಅವನನ್ನು ಹುಚ್ಚು ಹಿಡಿಸುವುದು.

ಜರ್ಮನಿಯ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ದನ, ಹಂದಿ ಸಾಕುವ ಸಣ್ಣ ಹಿಡುವಳಿದಾರರ ಸೀಮೆ. 1923ರ ಹಣದುಬ್ಬರ ಅಲ್ಲಿನ ರೈತರ ಹಳೆ ಸಾಲ ತೊಳೆದುಹಾಕಿತ್ತು. ಆಮೇಲೆ ದುಬಾರಿ ಬಡ್ಡಿಗೆ ಹೊಸ ಸಾಲ ಎತ್ತಿದರು. ಅಮೆರಿಕದ ಷೇರುಪೇಟೆ ವಾಲ್‌ಸ್ಟ್ರೀಟ್ ಕುಸಿಯುವ ಮೊದಲೇ ದನದ ಬೆಲೆ, ಹಂದಿ ಬೆಲೆ ಇಳಿಯತೊಡಗಿತು. ತೆರಿಗೆ ಬಾಕಿ, ಜಪ್ತಿ, ಹರಾಜು. 1928ರ ನವೆಂಬರ್‌ನಲ್ಲಿ ಬೈಡೆನ್‌ಫ್ಲೆತ್ ಎಂಬ ಹಳ್ಳಿಗೆ ತೆರಿಗೆ ಬಾಕಿಯವರ ಎತ್ತು ಎಳೆದೊಯ್ಯಲು ಜನ ಬಂದಾಗ, ಊರವರು ದಾರಿಗಡ್ಡ ಹುಲ್ಲಿಗೆ ಬೆಂಕಿ ಹಚ್ಚಿದರು. ಬೆದರಿದ ಎತ್ತುಗಳು ಕೊಟ್ಟಿಗೆಗೆ ವಾಪಸ್ ಓಡಿದವು. ಓದಿದಾಗ ನನಗೆ ನಗುವೂ ಬಂತು, ಮೈಯೂ ಜುಮ್ಮೆಂದಿತು. ಜಪ್ತಿ ನೋಟಿಸು ಹಿಡಿದು ಇಂಥ ಅಂಗಳಗಳಲ್ಲಿ ನಾನೂ ನಿಂತಿದ್ದೇನೆ.

ಸರ್ಕಾರ ಅವರ ಮೇಲೆ ಕೇಸು ಹಾಕಿತು. ಬೆಲೆಯ ಬಗ್ಗೆ, ಬಡ್ಡಿಯ ಬಗ್ಗೆ ಅವರಿಗೆ ಬೇಕಿದ್ದ ಉತ್ತರ ಬರಲಿಲ್ಲ. ಅದೇ ಸೀಮೆಯಲ್ಲಿ ನಾಜಿ ಪಕ್ಷಕ್ಕೆ 1928ರಲ್ಲಿ ಬಿದ್ದದ್ದು ಶೇ. 4 ಮತ, 1930ರಲ್ಲಿ 27, 1932ರ ಜುಲೈನಲ್ಲಿ 51. ಇಡೀ ಜರ್ಮನಿಯಲ್ಲಿ ಆಗ ಅದರ ಪಾಲು 37.3. ಕೆಲಸ ಕಳೆದುಕೊಂಡ ಕಾರ್ಖಾನೆ ಕಾರ್ಮಿಕರು ಹೆಚ್ಚಾಗಿ ಕಮ್ಯುನಿಸ್ಟರ ಕಡೆ ಹೋದರು. ಹಿಟ್ಲರನ ಕಡೆ ಹೆಚ್ಚು ವಾಲಿದವರು ಹಿಡುವಳಿದಾರರು, ಅಂಗಡಿಯವರು, ಕಸುಬುದಾರರು, ಪಿಂಚಣಿದಾರರು. ಅಂದರೆ ನನ್ನ ಮೇಜಿನ ಮುಂದಿನವರೇ.

ಬರ್ಲಿನ್ ಆ ಹೊತ್ತಿಗೆ ಏನು ಮಾಡುತ್ತಿತ್ತು? 1930ರಲ್ಲಿ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದ ಬ್ರ್ಯೂನಿಂಗ್ ಬಜೆಟ್ ಸರಿದೂಗಿಸುವ ಹಟಕ್ಕೆ ಬಿದ್ದರು. ಸಂಬಳಕ್ಕೆ ಕತ್ತರಿ, ನಿರುದ್ಯೋಗ ಭತ್ಯೆಗೆ ಕತ್ತರಿ, ತೆರಿಗೆ ಏರಿಕೆ. ಸಂಸತ್ತು ಒಪ್ಪದಿದ್ದಾಗ ಸಂವಿಧಾನದ 48ನೇ ವಿಧಿಯಡಿ ರಾಷ್ಟ್ರಾಧ್ಯಕ್ಷರ ತುರ್ತು ಆಜ್ಞೆ. 1931ರ ಜುಲೈನಲ್ಲಿ ದೊಡ್ಡ ಬ್ಯಾಂಕೊಂದು ಬಾಗಿಲು ಹಾಕಿತು. 1932ರ ಹೊತ್ತಿಗೆ ಸುಮಾರು 60 ಲಕ್ಷ ನಿರುದ್ಯೋಗಿಗಳು. ಬ್ರ್ಯೂನಿಂಗ್ ಪ್ರಾಮಾಣಿಕರೇ. ನಮ್ಮಲ್ಲೂ ಅಂಥ ಮ್ಯಾನೇಜರುಗಳಿದ್ದರು: ನಿಯಮ ಬಿಟ್ಟು ಒಂದು ಹೆಜ್ಜೆ ಇಡದವರು, ಬರಗಾಲದಲ್ಲೂ ವಸೂಲಿ ಟಾರ್ಗೆಟ್ ಮುಟ್ಟಿಸಿದವರು. ಶಾಖೆಯ ಬ್ಯಾಲೆನ್ಸ್ ಶೀಟು ಚೊಕ್ಕ, ಊರು ಭಣಭಣ.

2001ರ ಒಂದು ಸಂಜೆ ನೆನಪಾಗುತ್ತದೆ. 1997ರಲ್ಲಿ ಪೌಂಡಿಗೆ ಒಂದು ಡಾಲರ್ ದಾಟಿದ್ದ ಅಂತರರಾಷ್ಟ್ರೀಯ ಸರಾಸರಿ ಕಾಫಿ ದರ ಆ ವರ್ಷ 50 ಸೆಂಟ್‌ಗಿಂತ ಕೆಳಗೆ ಬಿದ್ದಿತ್ತು. ಬೆಳೆಯನ್ನೆಲ್ಲ ಕಾಫಿ ಬೋರ್ಡೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ಪದ್ಧತಿ 1996ಕ್ಕೇ ಪೂರ್ತಿ ಮುಗಿದಿದ್ದರಿಂದ ಬಿದ್ದ ಬೆಲೆಗೂ ಬೆಳೆಗಾರನಿಗೂ ನಡುವೆ ತಡೆಯೇ ಇರಲಿಲ್ಲ. ಆಲ್ದೂರು ಕಡೆಯ ಒಂದು ಹಳ್ಳಿಯಲ್ಲಿ ಬೆಳೆಗಾರರ ಸಭೆ. ಮಾತಾಡಲು ನನ್ನನ್ನು ಕರೆದಿದ್ದರು. ವಿಯೆಟ್ನಾಂ ಹತ್ತು ವರ್ಷದಲ್ಲಿ ರೋಬಸ್ಟಾ ತಳಿಯ ಕಾಫಿ ಬೆಳೆದು ಜಗತ್ತಿನ ಎರಡನೇ ಸ್ಥಾನಕ್ಕೆ ಬಂದದ್ದು, ನ್ಯೂಯಾರ್ಕ್, ಲಂಡನ್‌ಗಳಲ್ಲಿ ಮುಂದಿನ ತಿಂಗಳ ಕಾಫಿಗೆ ಇಂದೇ ಬೆಲೆ ಕಟ್ಟುವ ವಾಯಿದೆ ಪೇಟೆ, ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕೆಂಬ ಕೋಟಾ ಒಪ್ಪಂದ 1989ರಲ್ಲಿ ಮುರಿದದ್ದು, ಎಲ್ಲವನ್ನೂ ಒಂದು ಗಂಟೆ ವಿವರಿಸಿದೆ. ಕಾಗದ ನೋಡಿ ಓದಿದೆ ಎಂದು ಈಗ ನಾಚಿಕೆಯಾಗುತ್ತದೆ. ಅರ್ಧ ಜನ ಎದ್ದು ಬೀಡಿಗೆ ಹೋದರು.

ನನ್ನ ನಂತರ ಎದ್ದ ಯುವಕನೊಬ್ಬ ಎರಡೇ ನಿಮಿಷ ಮಾತಾಡಿದ. ಹೊರಗಿನಿಂದ ಬಂದ ಕೂಲಿಯವರೇ ನಮ್ಮನ್ನು ಹಾಳು ಮಾಡಿದ್ದು, ಅವರನ್ನು ಓಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದ. ಬೀಡಿಗೆ ಹೋದವರು ಒಳಗೆ ಬಂದರು. ಚಪ್ಪಾಳೆ. ಕೂಲಿ ದರಕ್ಕೂ ಲಂಡನ್ ರೇಟಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಜೀಪಿನಲ್ಲಿ ವಾಪಸ್ ಬರುವಾಗ ನನಗೆ ಕೊರೆದದ್ದು ಇಷ್ಟು: ನನ್ನ ಮಾತಿನಲ್ಲಿ ಕಾರಣಗಳಿದ್ದವು, ಆದರೆ ಬೊಟ್ಟು ಮಾಡಿ ತೋರಿಸಲು ಒಬ್ಬ ಮನುಷ್ಯ ಇರಲಿಲ್ಲ. ಅವನು ಮನುಷ್ಯನನ್ನು ಕೊಟ್ಟ, ಅದೂ ಗದ್ದೆ ಆಚೆ ಲೈನಿನಲ್ಲೇ ಕಾಣುವವನನ್ನು. ನಾಜಿಗಳು ಜರ್ಮನಿಯ ಹಳ್ಳಿಗಳಲ್ಲಿ ಯಹೂದಿಗಳನ್ನು ತೋರಿಸಿದ ರೀತಿ ಇದೇ. ದನದ ವ್ಯಾಪಾರಿ, ಬಡ್ಡಿ ಕೊಟ್ಟವನು ಯಹೂದಿಯಾಗಿದ್ದರೆ ಸಾಕಿತ್ತು.

ಹಾಗಂತ ದಿಗಿಲುಬಿದ್ದ ಹಿಡುವಳಿದಾರರೇ ಸರ್ವಾಧಿಕಾರಿಯನ್ನು ಕೂರಿಸಿದರು ಎಂದರೆ ಅನ್ಯಾಯ. ಫ್ಯಾಸಿಸಂ ಹುಟ್ಟಿದ ಇಟಲಿಯನ್ನೇ ನೋಡಿ. ಆ ಪದದ ಮೂಲ ‘ಕಟ್ಟು’. ಸೌದೆ ಹೊರೆಗೆ ಕೊಡಲಿ ಸಿಕ್ಕಿಸಿದಂತಿದ್ದ ರೋಮನ್ನರ ಅಧಿಕಾರದ ಗುರುತೇ ಪಕ್ಷದ ಚಿಹ್ನೆ. 1919ರಲ್ಲಿ ಮಿಲಾನ್‌ನಲ್ಲಿ ಶುರುವಾದ ಸಣ್ಣ ಗುಂಪು ಬೆಳೆದದ್ದು ಪೋ ನದಿ ಬಯಲಿನ ಭೂಮಾಲೀಕರು ದುಡ್ಡು ಕೊಟ್ಟು, ಕೃಷಿ ಕೂಲಿಗಳ ಸಂಘಗಳನ್ನು ಬಡಿಯಲು ಆ ಪಕ್ಷದ ಕರಿಯಂಗಿ ತೊಟ್ಟ ಹೊಡೆದಾಟದ ಪಡೆಯನ್ನು ಸಾಕಿದ್ದರಿಂದ. 1922ರ ಅಕ್ಟೋಬರ್‌ನಲ್ಲಿ ಅವರು ರೋಮ್ ಕಡೆ ಹೊರಟಾಗ ಸೇನೆ ಇಳಿಸುವ ಆಜ್ಞೆ ಸಿದ್ಧವಿತ್ತು. ದೊರೆ ಸಹಿ ಹಾಕಲಿಲ್ಲ, ಮುಸೊಲಿನಿಯನ್ನೇ ಕರೆಸಿದ. ‘ರೋಮ್‌ಗೆ ದಂಡಯಾತ್ರೆ’ಯ ನಾಯಕ ಮಿಲಾನ್‌ನಿಂದ ರಾತ್ರಿ ರೈಲಿನಲ್ಲಿ ಮಲಗಿಕೊಂಡು ಬಂದ.

ಬರ್ಲಿನ್‌ನಲ್ಲಿ ಇನ್ನೂ ವಿಚಿತ್ರ. 1932ರ ನವೆಂಬರ್ ಚುನಾವಣೆಯಲ್ಲಿ ಹಿಟ್ಲರ್ 20 ಲಕ್ಷ ಮತ ಕಳೆದುಕೊಂಡಿದ್ದ. ಸ್ಥಾನ 230ರಿಂದ 196ಕ್ಕೆ ಇಳಿದಿತ್ತು. ಬೆಂಕಿ ತಣ್ಣಗಾಗುತ್ತಿದ್ದ ಹೊತ್ತು. ಆಗ ಮಾಜಿ ಚಾನ್ಸಲರ್ ಪಾಪೆನ್ ಮತ್ತವರ ಸಂಗಡಿಗರು, ಇವನನ್ನು ಮುಂದಿಟ್ಟು ನಾವು ಆಳೋಣ ಎಂದು ಮುದಿ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್‌ರನ್ನು ಒಪ್ಪಿಸಿದರು. 1933ರ ಜನವರಿ 30ರ ಮಂತ್ರಿಮಂಡಲದಲ್ಲಿ ಹಿಟ್ಲರ್ ಬಿಟ್ಟರೆ ಅವನ ಪಕ್ಷದವರು ಇಬ್ಬರೇ. ಫೆಬ್ರವರಿ 27ಕ್ಕೆ ಸಂಸತ್ ಭವನಕ್ಕೆ ಬೆಂಕಿ, ಮರುದಿನವೇ ನಾಗರಿಕ ಹಕ್ಕುಗಳ ಅಮಾನತು. ಮಾರ್ಚ್ 23ರಂದು 444–94 ಮತಗಳಿಂದ ಸಂಸತ್ತೇ ತನ್ನ ಅಧಿಕಾರವನ್ನು ಅವನ ಕೈಗಿತ್ತಿತು. ವಿರೋಧಿಸಿದ ಆ 94 ಜನ ಸೋಷಿಯಲ್ ಡೆಮಾಕ್ರಟರು. ಕಮ್ಯುನಿಸ್ಟರು ಆಗಲೇ ಜೈಲಿನಲ್ಲೋ ಭೂಗತರಾಗಿಯೋ ಇದ್ದರು. ಮೇ 2ಕ್ಕೆ ಕಾರ್ಮಿಕ ಸಂಘಗಳು ಹೋದವು, ಜುಲೈ 14ಕ್ಕೆ ಉಳಿದ ಪಕ್ಷಗಳೂ ನಿಷೇಧ. ಮನೆ ಬಾಗಿಲು ತಟ್ಟಿದವರು ಕೆಳಗಿನವರಿರಬಹುದು, ಒಳಗಿನಿಂದ ಚಿಲಕ ತೆಗೆದವರು ಮೇಲಿನವರು.

ಹಾಗಾದರೆ ಸಂಕಟ ಬಂದ ಕಡೆಯೆಲ್ಲ ಹೀಗೇ ಆಯಿತೇ? ಅಮೆರಿಕದಲ್ಲಿ 1933ರಲ್ಲಿ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಅಲ್ಲೂ ಹರಾಜು. ಅಕ್ಕಪಕ್ಕದ ರೈತರು ಗುಂಪಾಗಿ ನಿಂತು, ಹೊರಗಿನವರು ಬಾಯಿ ಬಿಡದಂತೆ ನೋಡಿಕೊಂಡು, ಹಸು, ಟ್ರ್ಯಾಕ್ಟರುಗಳನ್ನು ಕೆಲವೇ ಸೆಂಟ್‌ಗೆ ಕೂಗಿ ಮಾಲೀಕನಿಗೇ ಮರಳಿಸುತ್ತಿದ್ದರು. ಪೆನ್ನಿ ಹರಾಜು ಎಂದೇ ಹೆಸರು. (ನಮ್ಮ ಕಡೆಯೂ ಜಪ್ತಿ ಹರಾಜಿಗೆ ಊರವರು ಯಾರೂ ಕೂಗದೆ ಸುಮ್ಮನೆ ನಿಂತದ್ದನ್ನು ನಾನು ಕಂಡಿದ್ದೇನೆ. ಒಳಗೊಳಗೇ ಖುಷಿಪಟ್ಟಿದ್ದೇನೆ, ನಿವೃತ್ತನಾದ ಮೇಲೆ ಹೇಳಲು ಭಯವಿಲ್ಲ.) 1933ರ ಏಪ್ರಿಲ್‌ನಲ್ಲಿ ಅಯೋವಾದ ಲೆ ಮಾರ್ಸ್ ಎಂಬಲ್ಲಿ ರೈತರು ನ್ಯಾಯಾಧೀಶರನ್ನೇ ಪೀಠದಿಂದ ಎಳೆದು, ಕುತ್ತಿಗೆಗೆ ಹಗ್ಗ ಹಾಕಿದರು. ಜೀವ ಉಳಿದದ್ದು ಪುಣ್ಯ. ಅಷ್ಟು ಹತ್ತಿರ ಬಂದಿತ್ತು. ಆದರೆ ಅಲ್ಲಿ ಉತ್ತರವೂ ಬಂತು. ಮಿನ್ನೆಸೋಟ ರಾಜ್ಯ ಅಡಮಾನ ಹರಾಜಿಗೆ ತಾತ್ಕಾಲಿಕ ತಡೆಯ ಕಾನೂನು ತಂದಿತು, ಮರುವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ರೂಸ್‌ವೆಲ್ಟ್ ಸರ್ಕಾರ ರೈತರ ಸಾಲಗಳಿಗೆ ಕಡಿಮೆ ಬಡ್ಡಿಯ ಮರುಸಾಲ ಕೊಟ್ಟಿತು.

ನನಗೆ ಬಹಳ ಇಷ್ಟವಾದದ್ದು ಡೆನ್ಮಾರ್ಕಿನ ಕಥೆ. ಅದೂ 1933ರ ಜನವರಿ 30, ಹಿಟ್ಲರ್ ಪ್ರಮಾಣವಚನ ತೆಗೆದುಕೊಂಡ ದಿನವೇ. ಕೋಪನ್‌ಹೇಗನ್‌ನ ಕಾನ್ಸ್ಲರ್‌ಗೇಡ್ ಬೀದಿಯಲ್ಲಿ ಪ್ರಧಾನಿ ಸ್ಟೌನಿಂಗ್ ಅವರ ಮನೆ. ಕಾರ್ಮಿಕರ ಪಕ್ಷವೂ ರೈತರ ಪಕ್ಷವೂ ಕೂತು ಚೌಕಾಸಿ ಮುಗಿಸಿದವು. ಬೆಣ್ಣೆ, ಹಂದಿಮಾಂಸ ರಫ್ತು ಮಾಡುವ ರೈತರಿಗಾಗಿ ಅಲ್ಲಿನ ಹಣವಾದ ಕ್ರೋನ್‌ನ ಅಪಮೌಲ್ಯ, ಜೊತೆಗೆ ಕೃಷಿಗೆ ನೆರವು. ಕಾರ್ಮಿಕರಿಗಾಗಿ ಲಾಕೌಟ್ ತಡೆದು ಹಳೆ ಕೂಲಿ ಒಪ್ಪಂದದ ಮುಂದುವರಿಕೆ, ಜೊತೆಗೆ ಸಾಮಾಜಿಕ ಭದ್ರತೆಯ ಸುಧಾರಣೆ. ಯಾರಿಗೂ ಪೂರ್ತಿ ತೃಪ್ತಿಯಿಲ್ಲದ, ಕೊಟ್ಟು ತೆಗೆದುಕೊಂಡ ವ್ಯವಹಾರ. ಅದೇ ವರ್ಷ ಸ್ವೀಡನ್ನಿನಲ್ಲೂ ಇಂಥದೇ ಒಪ್ಪಂದವಾಯಿತು. ಅಲ್ಲಿನ ಜನ ಅದನ್ನು ‘ದನದ ವ್ಯಾಪಾರ’ ಎಂದು ಗೇಲಿ ಮಾಡಿದರು. ಹೆಸರು ಎಷ್ಟು ಚೆನ್ನಾಗಿದೆ! ಶ್ಲೆಸ್ವಿಗ್-ಹೋಲ್‌ಸ್ಟೈನ್ ಇರುವುದು ಡೆನ್ಮಾರ್ಕಿನ ಗಡಿಗೇ ಅಂಟಿಕೊಂಡು. ಆಚೆಗೂ ದನ, ಹಂದಿ. ಈಚೆಗೂ ದನ, ಹಂದಿ. ಬಿದ್ದ ಬೆಲೆ ಒಂದೇ, ಅದಕ್ಕೆ ಸಿಕ್ಕ ಉತ್ತರ ಬೇರೆ.

ನಮ್ಮ ಜಿಲ್ಲೆಯಲ್ಲಿ ಈ ವಿಷಯ ಎತ್ತಿದರೆ ಯಾರಾದರೂ ತುರ್ತು ಪರಿಸ್ಥಿತಿಯ ಮಾತು ತೆಗೆಯುತ್ತಾರೆ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಯವರನ್ನು 1978ರ ಉಪಚುನಾವಣೆಯಲ್ಲಿ ಮತ್ತೆ ಲೋಕಸಭೆಗೆ ಕಳಿಸಿದ ಊರಲ್ಲವೇ ಇದು. ಬೆಲೆಯೇರಿಕೆ, 1974ರ ರೈಲ್ವೆ ಮುಷ್ಕರ, ನಂತರ 1975ರ ಜೂನ್ ಎಂಬ ಸಾಲು ನೋಡಿದರೆ ಹೋಲಿಕೆ ಇದೆ. ನಾನು ಅದನ್ನು ಫ್ಯಾಸಿಸಂ ಅನ್ನುವುದಿಲ್ಲ. ಬೀದಿ ಪಡೆಯಿರಲಿಲ್ಲ, ಕಡೆಗೆ ಚುನಾವಣೆ ನಡೆಸಿ, ಸೋತು ಇಳಿದರು. ಆದರೆ ಜನರನ್ನು ವಿಚಾರಣೆಯಿಲ್ಲದೆ ಒಳಗಿಟ್ಟದ್ದು, ಪತ್ರಿಕೆಗಳ ಬಾಯಿ ಕಟ್ಟಿದ್ದು ಕಾನೂನಿನ ಬಾಗಿಲಿನಿಂದಲೇ. 1978ರ 44ನೇ ತಿದ್ದುಪಡಿ ಆ ಬಾಗಿಲನ್ನು ಕಿರಿದು ಮಾಡಿತು. ‘ಆಂತರಿಕ ಕ್ಷೋಭೆ’ಯ ಜಾಗದಲ್ಲಿ ‘ಸಶಸ್ತ್ರ ದಂಗೆ’ ಬಂತು, ಮಂತ್ರಿಮಂಡಲದ ತೀರ್ಮಾನ ಲಿಖಿತವಾಗಿರಬೇಕು ಎಂದಾಯಿತು. ಜರ್ಮನಿಯ 48ನೇ ವಿಧಿಗೆ ಹೀಗೆ ಯಾರಾದರೂ ಹೊತ್ತಿಗೆ ಮುಂಚೆ ಚಿಲಕ ಹಾಕಿದ್ದರೆ ಎಂದು ಅನಿಸದೆ ಇರುವುದಿಲ್ಲ.

ಆಲ್ದೂರಿನ ಸಭೆಗೆ ಮರಳುತ್ತೇನೆ. ಅಂದು ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬ ಗೌಡರು ನಮ್ಮ ಶಾಖೆಯ ಸಾಲಗಾರರು. ಐದೆಕರೆ. ಬೆಳೆಸಾಲ, ಪಂಪ್‌ಸೆಟ್ ಸಾಲ, ಚಿನ್ನದ ಸಾಲ ಮೂರೂ ಓವರ್‌ಡ್ಯೂ. ಮುಂದೆ ಹಳೆ ಬಾಕಿಗಳನ್ನೆಲ್ಲ ಒಟ್ಟು ಮಾಡಿ, ಕಡಿಮೆ ಬಡ್ಡಿಗೆ, ಉದ್ದ ಕಂತಿಗೆ ವಿಶೇಷ ಕಾಫಿ ಅವಧಿ ಸಾಲವಾಗಿ ಬದಲಿಸುವ ಯೋಜನೆ ಬಂತು. ಅದರಲ್ಲೂ ಲೋಪಗಳಿದ್ದವು, ಅವನ್ನು ಇನ್ನೊಮ್ಮೆ ಬರೆದೇನು. ಗೌಡರು ಬಂದು, ಕನ್ನಡಕ ಒರೆಸಿಕೊಂಡು, ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಮೊದಲ ಕಂತು ಯಾವಾಗ ಎಂದು ಎರಡು ಸಲ ಕೇಳಿದರು. ಆಮೇಲೆ ಪೆನ್ನು ಕೊಡುತ್ತಾ, ‘ಅವತ್ತು ಅದೇನೋ ಹೇಳಿದ್ರಲ್ಲ ಸಾರ್, ರೇಟು ಬೀಳ್ಸಿದ್ದು ಯಾರು ಅಂತ?’ ಎಂದರು.

ಮತ್ತೆ ಹೇಳಿದೆ. ವಿಯೆಟ್ನಾಂ, ಲಂಡನ್, ನ್ಯೂಯಾರ್ಕ್. ಈ ಸಲ ಕಾಗದವಿಲ್ಲದೆ. ಪೂರ್ತಿ ಕೇಳಿದರು.

‘ಅಷ್ಟು ದೂರ ಇರೋರಿಗೆ ಬೈದು ಏನಾಗ್ತದೆ ಬಿಡಿ’ ಎಂದು ಎದ್ದು, ಮೂರು ಗಂಟೆ ಬಸ್ಸಿಗೆ ಹೊರಟರು. ಬೆಳಿಗ್ಗೆ ಕಸಿಗೆ ಆಳು ಬರುವವರಿದ್ದರಂತೆ, ಅದೇ ಹೊರಗಿನ ಲೈನಿನವರು.