ಅಧ್ಯಕ್ಷರನ್ನು ಆರಿಸಿದ್ದು ಅಮೆರಿಕದವರು, ಜರ್ಮನಿ ಪತ್ರಿಕೆಗೆ ಯಾಕೆ ಸಿಟ್ಟು?

ಪ್ರಶ್ನೆ: ಅಮೆರಿಕದವರು ತಮ್ಮ ಅಧ್ಯಕ್ಷರನ್ನು ತಾವೇ ಆರಿಸಿಕೊಂಡಿದ್ದಾರೆ. ಇದರಲ್ಲಿ ಜರ್ಮನಿ, ಬ್ರಿಟನ್ ಪತ್ರಿಕೆಗಳದ್ದೇನು ಉಸಾಬರಿ? ಟ್ರಂಪ್ ಗೆದ್ದಾಗ ಪ್ರಪಂಚವೇ ಮುಳುಗಿದ ಹಾಗೆ ಬರೆದರಲ್ಲ, ಅದು ಹೊಟ್ಟೆಯುರಿನಾ, ನಿಜಾನಾ? ಅವರು ಬೈದರೆ ಅಲ್ಲಿ ಯಾರಾದರೂ ಕೇಳ್ತಾರಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಅಲ್ಲಿ ಯಾರೂ ಕೇಳುವುದಿಲ್ಲ. ಅವರು ಕೇಳಲಿ ಅಂತ ಇವರು ಬರೆಯುವುದೂ ಇಲ್ಲ. ಜರ್ಮನಿಯ ಪತ್ರಿಕೆಯ ಓದುಗ ಹ್ಯಾಂಬರ್ಗ್‌ನಲ್ಲೋ ಮ್ಯೂನಿಕ್‌ನಲ್ಲೋ ಕಾಫಿ ಕುಡಿಯುತ್ತಾ ಕೂತಿರುತ್ತಾನೆ. ಪತ್ರಿಕೆ ಮಾತಾಡುತ್ತಿರುವುದು ಅವನ ಜತೆ. ಇದೊಂದು ನೆನಪಿದ್ದರೆ ಆ ಬೈಗುಳದ ಅರ್ಧ ಗುಟ್ಟು ಬಿಡಿಸಿದ ಹಾಗೆ.

2017ರ ಫೆಬ್ರುವರಿ ಮೊದಲ ವಾರ. ಟ್ರಂಪ್ ಅಧಿಕಾರ ಹಿಡಿದು ಎರಡು ವಾರ ಆಗಿತ್ತು, ಅಷ್ಟೆ. ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳ ಜನ ಅಮೆರಿಕಕ್ಕೆ ಬರದಂತೆ ಜನವರಿ 27ರಂದು ಆದೇಶ ಹೊರಡಿಸಿದ್ದರು. ಹ್ಯಾಂಬರ್ಗ್‌ನ ವಾರಪತ್ರಿಕೆ ಡೆರ್ ಸ್ಪೀಗಲ್ ಒಂದು ಮುಖಪುಟ ಮಾಡಿತು. ಬಿಳಿ ಹಾಳೆ. ನಡುವೆ ಕಿತ್ತಳೆ ಬಣ್ಣದ ಮುಖ. ಕಣ್ಣಿಲ್ಲ, ಮೂಗಿಲ್ಲ, ಕಿರುಚುವ ಬಾಯಿ ಮಾತ್ರ. ಒಂದು ಕೈಯಲ್ಲಿ ರಕ್ತ ಮೆತ್ತಿದ ಚಾಕು, ಇನ್ನೊಂದರಲ್ಲಿ ಲಿಬರ್ಟಿ ಪ್ರತಿಮೆಯ ಕತ್ತರಿಸಿದ ತಲೆ. ಪಕ್ಕದಲ್ಲಿ 'ಅಮೆರಿಕ ಫಸ್ಟ್' ಎಂಬ ಎರಡೇ ಪದ. ಅದಕ್ಕೆ ಮೂರು ತಿಂಗಳ ಹಿಂದೆ, ಚುನಾವಣೆ ಮುಗಿದ ವಾರದಲ್ಲಿ ಇದೇ ಪತ್ರಿಕೆ ಟ್ರಂಪ್ ತಲೆಯನ್ನು ಭೂಮಿಗೆ ಬಂದು ಬಡಿಯಲಿರುವ ಧೂಮಕೇತು ಮಾಡಿತ್ತು.

ತಮಾಷೆ ಏನು ಗೊತ್ತಾ? ಈ 'ವಿದೇಶಿ ಟೀಕೆ'ಯ ಚಿತ್ರ ಬರೆದವರು ಅಮೆರಿಕದವರೇ. ಹೆಸರು ಎಡೆಲ್ ರೊಡ್ರಿಗೆಸ್, ಇರುವುದು ನ್ಯೂಜೆರ್ಸಿಯಲ್ಲಿ. 1980ರಲ್ಲಿ ಕ್ಯೂಬಾದಿಂದ ದೋಣಿ ಹತ್ತಿ ನಿರಾಶ್ರಿತರಾಗಿ ಬಂದಾಗ ಅವರಿಗೆ ಒಂಬತ್ತು ವರ್ಷ. ಬಾಗಿಲು ಮುಚ್ಚುವ ಆದೇಶ ಬಂದಾಗ ಅಂಥ ಒಬ್ಬರ ಕೈ ಸುಮ್ನೆ ಕೂರುತ್ತದಾ? ಇನ್ನೊಂದು ವಿಷಯ. ಆ ಚಿತ್ರಕ್ಕೆ ಜೋರು ಆಕ್ಷೇಪ ಬಂದದ್ದು ಜರ್ಮನಿಯ ಒಳಗಿನಿಂದಲೇ. ಯುರೋಪಿಯನ್ ಸಂಸತ್ತಿನ ಉಪಾಧ್ಯಕ್ಷರಾಗಿದ್ದ ಜರ್ಮನ್ ರಾಜಕಾರಣಿ ಅಲೆಕ್ಸಾಂಡರ್ ಗ್ರಾಫ್ ಲಾಮ್ಸ್‌ಡಾರ್ಫ್ ಇದು ಅಭಿರುಚಿ ಕೆಟ್ಟದ್ದು ಎಂದರು. ಭಯೋತ್ಪಾದಕರ ಕತ್ತಿಗೆ ತಲೆ ಕೊಟ್ಟವರ ನೋವಿನ ಜತೆ ಆಟ ಆಡುತ್ತಿದ್ದೀರಿ ಎಂಬುದು ಅವರ ತಕರಾರು. ಹಾಗಾಗಿ 'ಜರ್ಮನಿ ಟ್ರಂಪ್‌ರನ್ನು ಹೀಗೆ ಬೈದಿತು' ಎಂಬ ತಲೆಬರಹ ಕಂಡರೆ, ಯಾವ ಜರ್ಮನಿ ಅಂತ ಕೇಳಿಕೊಳ್ಳುವುದು ಒಳ್ಳೆಯದು.

ಹೊಟ್ಟೆಯುರಿ ಅಂದಿರಿ. ನನಗೇನೋ ಹೊಟ್ಟೆಯುರಿಗಿಂತ ಹೊಟ್ಟೆಪಾಡು ಜಾಸ್ತಿ ಕಾಣುತ್ತದೆ. ಅಮೆರಿಕದಲ್ಲಿ ಯಾರು ಕುರ್ಚಿಯಲ್ಲಿ ಕೂರುತ್ತಾರೆ ಎಂಬುದರ ಮೇಲೆ ಬೇರೆ ದೇಶದವರ ಮನೆಯ ಲೆಕ್ಕ ಏರುಪೇರಾಗುತ್ತದೆ. ಜರ್ಮನಿಯಲ್ಲಿ ಅಮೆರಿಕದ ಮೂವತ್ತು ಸಾವಿರಕ್ಕೂ ಹೆಚ್ಚು ಸೈನಿಕರಿದ್ದರು. ಜಿಡಿಪಿಯ ಶೇ 2ರಷ್ಟನ್ನು ರಕ್ಷಣೆಗೆ ಖರ್ಚು ಮಾಡುವ ಗುರಿಗೆ ಅಮೆರಿಕ, ಯುರೋಪ್ ದೇಶಗಳ ಸೈನಿಕ ಕೂಟವಾದ ನ್ಯಾಟೊದ ಸದಸ್ಯರು 2014ರಲ್ಲೇ ಒಪ್ಪಿದ್ದರು. ಜರ್ಮನಿ ಮಾಡುತ್ತಿದ್ದದ್ದು ಸುಮಾರು 1.2. ಅಂಥ ಹೊತ್ತಲ್ಲಿ, ಅಧಿಕಾರಕ್ಕೆ ಬರುವ ನಾಲ್ಕೈದು ದಿನ ಮೊದಲು, ಟ್ರಂಪ್ ನ್ಯಾಟೊ ಹಳಸಲಾಗಿದೆ ಎಂದರು. ಹೇಳಿದ್ದು ಯಾರಿಗೆ? ಜರ್ಮನಿಯ ಬಿಲ್ಡ್ ಮತ್ತು ಲಂಡನ್ನಿನ ಟೈಮ್ಸ್ ಪತ್ರಿಕೆಗಳಿಗೇ. ಇನ್ನು ಜರ್ಮನಿಯ ಓದುಗನಿಗೆ ಇದು ಪಕ್ಕದ ಮನೆ ಜಗಳವಾಗಿ ಉಳಿಯುವುದು ಹೇಗೆ?

ಮೆಕ್ಸಿಕೊದ ಪತ್ರಿಕೆಗಳಿಗೆ ನ್ಯಾಟೊ ಚಿಂತೆ ಇರಲಿಲ್ಲ. ಮತ ಎಣಿಕೆಯ ರಾತ್ರಿಯೇ ಅವರ ಪೆಸೊ ಮಕಾಡೆ ಬಿದ್ದಿತ್ತು. ಗೋಡೆ ಕಟ್ಟುತ್ತೇನೆ, ದುಡ್ಡು ನೀವೇ ಕೊಡಿ ಎಂಬ ಮಾತು ಬೇರೆ. ಕೊನೆಗೆ ಅವರ ಅಧ್ಯಕ್ಷರು ವಾಷಿಂಗ್ಟನ್ ಭೇಟಿಯನ್ನೇ ರದ್ದು ಮಾಡಿದರು. ಚೀನಾದಲ್ಲಿ ಗ್ಲೋಬಲ್ ಟೈಮ್ಸ್ ಗುಡುಗಿದ್ದು ತೈವಾನ್ ಅಧ್ಯಕ್ಷೆಯ ಜತೆ ಟ್ರಂಪ್ ಫೋನಿನಲ್ಲಿ ಮಾತಾಡಿದರು ಎಂಬುದಕ್ಕೆ. ಅದು ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಬಳಗದ ಪತ್ರಿಕೆ. ಅದರ ಟೀಕೆಯನ್ನೂ ಸ್ಪೀಗಲ್ ಟೀಕೆಯನ್ನೂ 'ವಿದೇಶಿ ಮಾಧ್ಯಮ' ಅಂತ ಒಂದೇ ಚೀಲಕ್ಕೆ ತುಂಬಬಾರದು.

ನಮ್ಮ ಕಡೆ? ಬೆಂಗಳೂರಿನಲ್ಲಿ ಯಾರು ನ್ಯಾಟೊ ಬಗ್ಗೆ ತಲೆ ಕೆಡಿಸಿಕೊಂಡರು ಹೇಳಿ. ಇಲ್ಲಿ ಎಲ್ಲರ ಬಾಯಲ್ಲಿ ಇದ್ದದ್ದು ಎಚ್-1ಬಿ, ಅಂದರೆ ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ವೀಸಾ. ವರ್ಷಕ್ಕೆ 85,000 ಹೊಸ ವೀಸಾಗಳ ಮಿತಿ, ಅದರ ಲಾಟರಿ, ಇನ್ನೇನಾಗುತ್ತೋ ಎಂಬ ದಿಗಿಲು. ಆ ಮೇ ತಿಂಗಳಲ್ಲಿ ಇನ್ಫೋಸಿಸ್ ಎರಡು ವರ್ಷಗಳಲ್ಲಿ 10,000 ಅಮೆರಿಕನ್ನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಪ್ರಕಟಿಸಿತು. ಮಗ ಡಲ್ಲಾಸ್‌ನಲ್ಲಿರುವ ಮನೆಯವರಿಗೆ ಅಮೆರಿಕ ಸುದ್ದಿ ಅಂದರೆ ಅದು.

ಇದೇನೂ ಟ್ರಂಪ್ ಕಾಲದಲ್ಲಿ ಹುಟ್ಟಿದ ಚಾಳಿಯಲ್ಲ. ಲಂಡನ್ನಿನ ನಗೆಪತ್ರಿಕೆ ಪಂಚ್ ನಾಲ್ಕು ವರ್ಷ ಬಿಡದೆ ಗೋಳು ಹೊಯ್ದುಕೊಂಡ ಅಧ್ಯಕ್ಷ ಯಾರು ಅಂದುಕೊಂಡಿರಿ? ಅಬ್ರಹಾಂ ಲಿಂಕನ್! ಉದ್ದ ಕಾಲಿನ, ಕೆದರಿದ ಗಡ್ಡದ ಹಳ್ಳಿಗಮಾರ ಎಂಬ ಹಾಗೆ ಚಿತ್ರ ಬರೆಯುತ್ತಿದ್ದರು. ಅಲ್ಲೂ ಹೊಟ್ಟೆಪಾಡೇ. ಅಂತರ್ಯುದ್ಧದಲ್ಲಿ ಲಿಂಕನ್ ದಕ್ಷಿಣದ ಬಂದರುಗಳಿಗೆ ತಡೆ ಹಾಕಿದರು. ಅಲ್ಲಿಂದ ಬರುವ ಹತ್ತಿ ನಿಂತು ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳು ಬಾಗಿಲು ಹಾಕಿದವು. (ಅದೇ ಬರದಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಲಿಂಕನ್‌ರನ್ನು ಬೈಯಲು ಆ ರೈತರಿಗೆ ಕಾರಣವೇ ಇರಲಿಲ್ಲ!) 1865ರ ಏಪ್ರಿಲ್‌ನಲ್ಲಿ ಲಿಂಕನ್ ಕೊಲೆಯಾಯಿತು. ಪಂಚ್ ಮೂರು ವಾರದ ನಂತರ ತಾನು ಆಡಿದ ಮಾತಿಗೆ ನಾಚಿ ಒಂದು ಕವನ ಅಚ್ಚು ಹಾಕಿತು. ಬರೆದವರು ಟಾಮ್ ಟೇಲರ್. ಲಿಂಕನ್ ಗುಂಡೇಟು ತಿಂದ ರಾತ್ರಿ ಥಿಯೇಟರಿನಲ್ಲಿ ನೋಡುತ್ತಿದ್ದ ನಾಟಕದ ಕರ್ತೃವೂ ಇದೇ ಟೇಲರ್. ಇಂಥದ್ದನ್ನು ಕಥೆಯಲ್ಲಿ ಬರೆದರೆ ಯಾರೂ ನಂಬುವುದಿಲ್ಲ.

ಸರಿ, ಬೈಗುಳ ಎಷ್ಟಿತ್ತು? ಅದನ್ನೂ ಎಣಿಸಿದವರಿದ್ದಾರೆ. ಟ್ರಂಪ್ ಅವರ ಮೊದಲ ನೂರು ದಿನಗಳ ಸುದ್ದಿಯನ್ನು ಹಾರ್ವರ್ಡ್‌ನ ಥಾಮಸ್ ಪ್ಯಾಟರ್ಸನ್ ಅಳೆದರು. ಜರ್ಮನಿಯ ಸಾರ್ವಜನಿಕ ಟಿವಿ ಎಆರ್‌ಡಿಯಲ್ಲಿ ಶೇ 98 ನೆಗೆಟಿವ್. ನೂರಕ್ಕೆ ತೊಂಬತ್ತೆಂಟು! ಇಲ್ಲಿಗೇ ನಿಲ್ಲಿಸಿದರೆ ನಿಮ್ಮ ಹೊಟ್ಟೆಯುರಿ ವಾದ ಗೆದ್ದಂತೆ. ಆದರೆ ಅದೇ ಪಟ್ಟಿಯಲ್ಲಿ ಅಮೆರಿಕದ ಸಿಎನ್‌ಎನ್ 93, ನ್ಯೂಯಾರ್ಕ್ ಟೈಮ್ಸ್ 87, ಬ್ರಿಟನ್ನಿನ ಬಿಬಿಸಿ 74. ಅಂದರೆ ಹೊರಗಿನ ಬಿಬಿಸಿಗಿಂತ ಒಳಗಿನವರ ದನಿಯೇ ಗಡುಸಾಗಿತ್ತು. ಟ್ರಂಪ್ ಕಡೆಗೆ ವಾಲಿದ ಅಮೆರಿಕದ ಚಾನೆಲ್ ಫಾಕ್ಸ್‌ನಲ್ಲೂ 52. ಇನ್ನೂ ಎರಡು ಮಾತು ಸೇರಿಸಬೇಕು. ಈ ಲೆಕ್ಕದಲ್ಲಿ ಅತ್ತಲೂ ಇತ್ತಲೂ ವಾಲದ ಸುದ್ದಿಗಳನ್ನು ಬಿಟ್ಟಿದ್ದಾರೆ. ಮತ್ತೆ, ನೆಗೆಟಿವ್ ಅಂದರೆ ಬೈಗುಳವೇ ಆಗಬೇಕಿಲ್ಲ. ಸಮೀಕ್ಷೆಯಲ್ಲಿ ಜನಪ್ರಿಯತೆ ಇಳಿಯಿತು ಎಂಬ ಸಾದಾ ವರದಿಯೂ ನೆಗೆಟಿವ್ ಖಾತೆಗೇ ಹೋಗುತ್ತದೆ. ಸೋತ ತಂಡದ ಬಗ್ಗೆ 'ಸೋತಿತು' ಅಂತ ಬರೆದರೆ ಅದು ದ್ವೇಷ ಅಲ್ಲ, ಅಲ್ವಾ?

ಆದರೂ 98 ಅನ್ನುವುದು ನನಗೆ ಕಸಿವಿಸಿ ಮಾಡುತ್ತದೆ. ಒಬ್ಬ ಮನುಷ್ಯನ ನೂರು ದಿನದಲ್ಲಿ ಒಳ್ಳೆಯದು ಎರಡೇ ಪರ್ಸೆಂಟು ಕಂಡರೆ, ನೋಡುವ ಕನ್ನಡಕವನ್ನೂ ಒಂದು ಸಲ ಒರೆಸಿಕೊಳ್ಳಬೇಕು. ಹಾಗಂತ ಜರ್ಮನ್ನರು ಟ್ರಂಪ್‌ಗೆ ಮಾತ್ರ ಹೀಗೆ ಅನ್ನಲಾಗದು. ಒಬಾಮ ಕಾಲದಲ್ಲಿ ಚಾನ್ಸಲರ್ ಮರ್ಕೆಲ್ ಮೊಬೈಲಿಗೆ ಅಮೆರಿಕ ಕಿವಿ ಇಟ್ಟಿದೆ ಎಂದು 2013ರಲ್ಲಿ ಬಯಲು ಮಾಡಿದ್ದೂ ಸ್ಪೀಗಲ್ಲೇ.

ಬೈದರೆ ಕೇಳುತ್ತಾರಾ ಎಂಬುದಕ್ಕೆ ಬ್ರಿಟನ್ನಿನ ಗಾರ್ಡಿಯನ್ ಒಮ್ಮೆ ನೇರ ಪ್ರಯೋಗವನ್ನೇ ಮಾಡಿ ನೋಡಿತ್ತು. 2004, ಜಾರ್ಜ್ ಬುಷ್ ಎರಡನೇ ಸಲ ನಿಂತಿದ್ದರು. ಓಹಿಯೊ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ಹಿಂದಿನ ಸಲ ಬುಷ್ ಎದುರಾಳಿ ಗೋರ್ ಗೆದ್ದದ್ದು ಬರೀ 324 ಮತಗಳಿಂದ. ಅಲ್ಲಿನ ಯಾವ ಪಕ್ಷಕ್ಕೂ ಸೇರದ ಮತದಾರರ ವಿಳಾಸ ಕೊಡುತ್ತೇವೆ, ನೀವು ಕಾಗದ ಬರೆಯಿರಿ ಎಂದು ಪತ್ರಿಕೆ ತನ್ನ ಓದುಗರನ್ನು ಕರೆಯಿತು. ಸಾವಿರಾರು ಜನ ವಿಳಾಸ ತೆಗೆದುಕೊಂಡರು. ಕಾದಂಬರಿಕಾರ ಜಾನ್ ಲೆ ಕಾರೆ, ವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅಂಥವರೂ ಬರೆದರು. ಬುಷ್‌ಗೆ ಮತ ಹಾಕಬೇಡಿ ಎಂಬುದೇ ಸಾರ.

ಅಮೆರಿಕದಿಂದ ಮರಳಿ ಬಂದ ಉತ್ತರಗಳನ್ನು ಓದಬೇಕು. ನಿಮ್ಮ ಹಳದಿ ಹಲ್ಲು ಮೊದಲು ಸರಿ ಮಾಡಿಸಿಕೊಳ್ಳಿ, ನಿಮ್ಮ ರಾಜನನ್ನು ಓಡಿಸಿದ್ದು ನೆನಪಿಲ್ಲವಾ, ಹೋಗಿ ಟೀ ಕುಡಿಯಿರಿ ಎಂಬ ಧಾಟಿ. ಅಚ್ಚು ಹಾಕಲಾಗದ ಬೈಗುಳ ಬೇರೆ. ಚುನಾವಣೆಯಲ್ಲಿ ಬುಷ್ ಆ ಕೌಂಟಿಯನ್ನು ಸುಮಾರು 1,600 ಮತಗಳಿಂದ ಗೆದ್ದರು. ಕಾಗದಗಳಿಂದಲೇ ಹೀಗಾಯಿತು ಅನ್ನಲು ಪುರಾವೆ ಇಲ್ಲ. ಉಪಕಾರವಂತೂ ಆಗಲಿಲ್ಲ. ಆ ಕೌಂಟಿಯ ಮುಖ್ಯ ಊರು ಸ್ಪ್ರಿಂಗ್‌ಫೀಲ್ಡ್. ಹೌದು, 2024ರ ಚರ್ಚೆಯಲ್ಲಿ ಟ್ರಂಪ್ 'ಅಲ್ಲಿ ವಲಸಿಗರು ನಾಯಿ ಬೆಕ್ಕು ತಿನ್ನುತ್ತಿದ್ದಾರೆ' ಎಂದು ಬುಡವಿಲ್ಲದ ಮಾತು ಹೇಳಿದರಲ್ಲ, ಅದೇ ಊರು.

ಈಗ ಉಳಿದದ್ದು 'ನಿಜಾನಾ?' ಎಂಬ ಪ್ರಶ್ನೆ. ಪತ್ರಿಕೆ ತನ್ನ ಮನೆಯ ಓದುಗನಿಗಾಗಿ ಬರೆಯುವುದು ತಪ್ಪೇನಲ್ಲ. ಅವನಿಗೆ ಇಷ್ಟವಾದದ್ದನ್ನೇ ಬಡಿಸತೊಡಗಿದಾಗ ಹಾದಿ ತಪ್ಪುತ್ತದೆ. ಸ್ಪೀಗಲ್‌ಗೆ ಅದೇ ಆಯಿತು.

2017ರ ಮಾರ್ಚ್‌ನಲ್ಲಿ ಅದರ ವರದಿಗಾರ ಕ್ಲಾಸ್ ರೆಲೋಟಿಯಸ್ ಒಂದು ಉದ್ದದ ಲೇಖನ ಬರೆದರು. ಟ್ರಂಪ್‌ಗೆ ಮತ ಹಾಕಿದ ಜನ ಹೇಗಿರುತ್ತಾರೆ ಎಂದು ತಿಳಿಯಲು ಮಿನ್ನೆಸೋಟ ರಾಜ್ಯದ ಫರ್ಗಸ್ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ ಉಳಿದು ಬಂದಿದ್ದರು. ಊರ ಬಾಗಿಲಲ್ಲೇ 'ಮೆಕ್ಸಿಕೊದವರು ಬರಬೇಡಿ' ಎಂಬ ಬೋರ್ಡು ಇದೆ ಎಂದರು. ಥಿಯೇಟರಿನಲ್ಲಿ ಎರಡು ವರ್ಷ ಹಳೆಯ ಯುದ್ಧದ ಸಿನಿಮಾ ಇನ್ನೂ ಓಡುತ್ತಿದೆ, ಜನ ತುಂಬುತ್ತಿದ್ದಾರೆ ಎಂದರು. ಊರಿನ ಆಡಳಿತ ನೋಡಿಕೊಳ್ಳುವ ಯುವ ಅಧಿಕಾರಿ ಕಚೇರಿಗೂ ಪಿಸ್ತೂಲು ಸಿಕ್ಕಿಸಿಕೊಂಡು ಬರುತ್ತಾನೆ, ಇದುವರೆಗೆ ಹೆಣ್ಣಿನ ಸಂಗ ಕಂಡಿಲ್ಲ, ಸಮುದ್ರವನ್ನೂ ನೋಡಿಲ್ಲ ಎಂದರು. ಹ್ಯಾಂಬರ್ಗ್‌ನ ಓದುಗ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಸಿಗುತ್ತದಾ? ಯಾರೂ ಅನುಮಾನಿಸಲಿಲ್ಲ. ಸತ್ಯಾಂಶ ಪರೀಕ್ಷಿಸಲೆಂದೇ ದೊಡ್ಡ ವಿಭಾಗ ಇಟ್ಟುಕೊಂಡಿದ್ದೇವೆ ಎಂದು ಬೀಗುತ್ತಿದ್ದ ಪತ್ರಿಕೆ ಅದು.

ರೆಲೋಟಿಯಸ್ ಕಟ್ಟುಕಥೆಗಾರ ಎಂದು ಹಿಡಿದುಕೊಟ್ಟವರು ಸಹೋದ್ಯೋಗಿ ಹುವಾನ್ ಮೊರೆನೊ. ಇನ್ನೊಂದು ವರದಿಯ ಜಾಡು ಹಿಡಿದು ಸ್ವಂತ ಖರ್ಚಿನಲ್ಲಿ ಅಮೆರಿಕದಲ್ಲಿ ಅಲೆದು ಸಾಕ್ಷಿ ತಂದರು. ಮೊದಲು ಮೇಲಿನವರು ಅವರನ್ನೇ ನಂಬಲಿಲ್ಲ. 2018ರ ಡಿಸೆಂಬರ್‌ನಲ್ಲಿ ಸ್ಪೀಗಲ್ ತಾನೇ ಎಲ್ಲವನ್ನೂ ಬರೆದು ತಪ್ಪೊಪ್ಪಿಕೊಂಡಿತು. ಜರ್ಮನಿಯಲ್ಲಿದ್ದ ಅಮೆರಿಕದ ರಾಯಭಾರಿ ರಿಚರ್ಡ್ ಗ್ರೆನೆಲ್ ಬಿಡುತ್ತಾರಾ? ಇದು ಅಮೆರಿಕ ವಿರೋಧಿ ಪೂರ್ವಗ್ರಹ ಎಂದು ಕಾಗದ ಬರೆದರು. ಅವರ ಮಾತಿನಲ್ಲಿ ರಾಜಕೀಯ ಇತ್ತು, ಹುರುಳೂ ಇತ್ತು.

ಸ್ಪೀಗಲ್ ಇನ್ನೊಬ್ಬ ವರದಿಗಾರನನ್ನು ಫರ್ಗಸ್ ಫಾಲ್ಸ್‌ಗೆ ಕಳಿಸಿ ಕ್ಷಮೆ ಕೇಳಿಸಿತು. ಅಷ್ಟರಲ್ಲಿ ಊರಿನ ಇಬ್ಬರು ಆ ಲೇಖನವನ್ನು ಇಂಗ್ಲಿಷಿಗೆ ಮಾಡಿಸಿಕೊಂಡು, ಸಾಲು ಸಾಲಾಗಿ ಓದಿ, ಸುಳ್ಳುಗಳ ಪಟ್ಟಿ ಮಾಡಿ ಇಂಟರ್‌ನೆಟ್‌ನಲ್ಲಿ ಹಾಕಿದ್ದರು. ಬೋರ್ಡು ಸುಳ್ಳು, ಥಿಯೇಟರ್ ಸುಳ್ಳು. ಆ ಯುವ ಅಧಿಕಾರಿಯ ವಿಷಯ ಬಂದಾಗ ಹೆಚ್ಚು ವಾದ ಮಾಡಲು ಹೋಗಲಿಲ್ಲ. ಒಂದು ಫೋಟೊ ಅಂಟಿಸಿದರು. ಅದರಲ್ಲಿ ಅವರು ತಮ್ಮ ಬಹುಕಾಲದ ಗೆಳತಿಯ ಜತೆ ನಿಂತಿದ್ದರು, ಹಿಂದೆ ಸಮುದ್ರ.